ಪರಿವಿಡಿ: ನಾವು ಓದದೆ ದಾಟುವ ಪುಟದ ಚರಿತ್ರೆ

ವಾರ್ಷಿಕ ಸಂಚಿಕೆ ಕೈಗೆ ಬಂದಾಗ ನಮ್ಮಲ್ಲಿ ಹೆಚ್ಚಿನವರು ಮೊದಲು ತೆರೆಯುವುದು ಪರಿವಿಡಿಯ ಪುಟವನ್ನು. ಅಲ್ಲಿ ತಮ್ಮ ಹೆಸರೋ, ಮಕ್ಕಳ ಹೆಸರೋ, ಪರಿಚಿತರ ಹೆಸರೋ ಇದೆಯೇ ಎಂದು ಕಣ್ಣಾಡಿಸಿ, ಪುಟ ಸಂಖ್ಯೆ ನೋಡಿಕೊಂಡು ಮುಂದೆ ಹೋಗುತ್ತೇವೆ. ಆ ಪುಟವನ್ನು ಯಾರೂ ಓದುವುದಿಲ್ಲ, ಬಳಸುತ್ತಾರೆ ಅಷ್ಟೆ. ಅದರಲ್ಲಿ ತಪ್ಪಾದಾಗ ಮಾತ್ರ ಅದರ ಬೆಲೆ ತಿಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ಇಂತಹ ಒಂದು ಸಂಚಿಕೆಯ ಪರಿವಿಡಿಯನ್ನು ಸಿದ್ಧಪಡಿಸುವ ಹೊಣೆ ನನ್ನದಾಗಿತ್ತು. ಮುದ್ರಣಕ್ಕೆ ಹೋಗುವ ಹಿಂದಿನ ದಿನ ಎರಡು ಪುಟಗಳ ಜಾಹೀರಾತು ಬಂತು. ಪುಟಗಳು ಸರಿದವು. ಅವಸರದಲ್ಲಿ ಪಟ್ಟಿಯನ್ನು ತಿದ್ದುವಾಗ ಒಂದು ಸಾಲು ಅಳಿಸಿಹೋಯಿತು. ಅದು ಪಿಯುಸಿ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಲೇಖನದ ಸಾಲು. ಲೇಖನವೇನೋ ಒಳಪುಟದಲ್ಲಿ ಸರಿಯಾಗಿಯೇ ಅಚ್ಚಾಗಿತ್ತು. ಬಿಡುಗಡೆ ಸಮಾರಂಭ ಮುಗಿದ ಮೇಲೆ ಆಕೆಯ ತಂದೆ ಪರಿವಿಡಿಯ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಹುಡುಕಿದರಂತೆ. ಅಕ್ಷರ ಅಕ್ಷರ ಕೂಡಿಸಿ ಕನ್ನಡ ಓದುವವರು ಅವರು. ಮಗಳ ಹೆಸರು ಸಿಗಲಿಲ್ಲ. 'ಈ ಸಲ ಹಾಕಿಲ್ಲವೇನೋ' ಎಂದು ಸಂಚಿಕೆಯನ್ನು ಮಡಚಿಕೊಂಡು ಹೊರಟುಬಿಟ್ಟರು. ಪಕ್ಕದಲ್ಲಿ ಕುಳಿತಿದ್ದ ಸದಸ್ಯರೊಬ್ಬರು ಮರುದಿನ ಈ ವಿಷಯ ತಿಳಿಸಿದಾಗ ನನಗೆ ತಲೆ ಎತ್ತಲಾಗಲಿಲ್ಲ.

ಒಂದು ಸಾಲಿಗೆ ಇಷ್ಟು ಶಕ್ತಿ ಎಲ್ಲಿಂದ ಬಂತು? ಈ ಪುಟ ಯಾವಾಗ ಹುಟ್ಟಿತು, ಅದರ ನಿಯಮಗಳನ್ನು ಯಾರು ಮಾಡಿದರು? ಹುಡುಕುತ್ತ ಹೋದಾಗ ತಿಳಿದುಬಂದ ಕೆಲವು ಸಂಗತಿಗಳನ್ನು ಸದಸ್ಯರ ಮತ್ತು ವಿದ್ಯಾರ್ಥಿಗಳ ಮುಂದಿಡುತ್ತಿದ್ದೇನೆ.

ಸುರುಳಿಯ ಕಾಲದಲ್ಲಿ

ಪುಸ್ತಕಗಳು ಸುರುಳಿಗಳಾಗಿದ್ದ ಕಾಲದಲ್ಲಿ ಬೇಕಾದ ಭಾಗವನ್ನು ಹುಡುಕುವುದು ಸುಲಭವಿರಲಿಲ್ಲ. ಮಧ್ಯದ ಒಂದು ಮಾತು ಬೇಕಾದರೂ ಮೊದಲಿನಿಂದ ಬಿಚ್ಚುತ್ತ ಹೋಗಬೇಕು. ರೋಮನ್ ಲೇಖಕ ಪ್ಲಿನಿ ಕ್ರಿ.ಶ. 77ರಲ್ಲಿ ತನ್ನ 'ನ್ಯಾಚುರಲ್ ಹಿಸ್ಟರಿ' ಗ್ರಂಥವನ್ನು ಟೈಟಸ್‌ಗೆ ಅರ್ಪಿಸಿದ. ಟೈಟಸ್ ಎರಡು ವರ್ಷಗಳ ಬಳಿಕ ರೋಮಿನ ಚಕ್ರವರ್ತಿಯಾದವನು. ಈ ಗ್ರಂಥದಲ್ಲಿ 37 ಸಂಪುಟಗಳಿದ್ದು, ಮೊದಲನೆಯ ಸಂಪುಟವಿಡೀ ಉಳಿದ 36ರಲ್ಲಿ ಏನೇನಿದೆ ಎಂಬ ಪಟ್ಟಿಯಾಗಿದೆ. ಯಾವ ವಿಷಯಕ್ಕೆ ಯಾವ ಲೇಖಕರನ್ನು ಆಧರಿಸಿದೆ ಎಂಬುದನ್ನೂ ಅಲ್ಲಿಯೇ ಕೊಟ್ಟಿದ್ದಾನೆ. ರಾಜಕಾರ್ಯದಲ್ಲಿ ಮಗ್ನನಾದವನಿಗೆ ಎಲ್ಲವನ್ನೂ ಓದುವ ಪುರುಸೊತ್ತು ಇರಲಾರದು, ಉಳಿದವರೂ ತಮಗೆ ಬೇಕಾದುದನ್ನಷ್ಟೇ ಹುಡುಕಿಕೊಳ್ಳಲಿ ಎಂಬುದು ಅವನ ಆಶಯ. ಲ್ಯಾಟಿನ್ ಭಾಷೆಯಲ್ಲಿ ತನಗಿಂತ ಮೊದಲು ವಲೇರಿಯಸ್ ಸೊರಾನಸ್ ಎಂಬವನು ಹೀಗೆ ಮಾಡಿದ್ದನೆಂದು ಹೇಳಲೂ ಅವನು ಮರೆಯಲಿಲ್ಲ.

ಪರಿವಿಡಿಯ ಮೂಲ ಉದ್ದೇಶ ಇಲ್ಲಿಯೇ ಸ್ಪಷ್ಟವಾಗಿದೆ. ಅದು ಓದುಗನ ಸಮಯಕ್ಕೆ ಲೇಖಕನು ಸಲ್ಲಿಸುವ ಗೌರವ.

ಬಗ್ದಾದಿನ 'ಫಿಹ್ರಿಸ್ತ್'

ಉರ್ದು ಬಲ್ಲವರಿಗೆ 'ಫೆಹರಿಸ್ತ್' ಎಂಬ ಪದ ಚಿರಪರಿಚಿತ. ಪಾರ್ಸಿಯಿಂದ ಅರಬೀ ಭಾಷೆಗೆ ಬಂದ ಈ ಪದವನ್ನು ಜಗತ್ಪ್ರಸಿದ್ಧಗೊಳಿಸಿದವರು ಬಗ್ದಾದಿನ ಇಬ್ನುನ್ನದೀಮ್. ಅವರ ತಂದೆ 'ವರ್‍ರಾಕ್', ಅಂದರೆ ಗ್ರಂಥಗಳನ್ನು ನಕಲು ಮಾಡಿಸಿ ಮಾರುವವರು. ಹಿಜರಿ 377ರಲ್ಲಿ, ಅಂದರೆ ಕ್ರಿ.ಶ. 987-88ರ ಸುಮಾರಿಗೆ, ಅಂದು ಅರಬೀ ಭಾಷೆಯಲ್ಲಿ ದೊರೆಯುತ್ತಿದ್ದ ಗ್ರಂಥಗಳನ್ನೆಲ್ಲ ಪಟ್ಟಿಮಾಡುವ ಮಹಾಕಾರ್ಯವನ್ನು ಅವರು ಕೈಗೊಂಡರು. ಆ ಕೃತಿಯ ಹೆಸರೇ 'ಅಲ್ ಫಿಹ್ರಿಸ್ತ್'. ಹತ್ತು ಅಧ್ಯಾಯಗಳ ಈ ಗ್ರಂಥದ ಆರಂಭದಲ್ಲೇ ಯಾವ ಅಧ್ಯಾಯದಲ್ಲಿ ಏನಿದೆಯೆಂಬ ಪಟ್ಟಿ ಇದೆ. ಪಟ್ಟಿಗಳ ಗ್ರಂಥಕ್ಕೂ ಒಂದು ಪರಿವಿಡಿ! ಧರ್ಮಗ್ರಂಥಗಳು, ವ್ಯಾಕರಣ, ಚರಿತ್ರೆ, ಕಾವ್ಯ, ಧರ್ಮಶಾಸ್ತ್ರ, ತತ್ತ್ವಶಾಸ್ತ್ರ, ಕಥೆಗಳು, ಇತರ ಮತಗಳು, ರಸವಿದ್ಯೆ ಹೀಗೆ ಎಲ್ಲವೂ ಅದರಲ್ಲಿವೆ. ಭಾರತದ ಮತಪಂಥಗಳ ಪ್ರಸ್ತಾಪವೂ ಇದೆ.

1258ರಲ್ಲಿ ಮಂಗೋಲರ ದಾಳಿಗೆ ಬಗ್ದಾದ್ ತುತ್ತಾಯಿತು. ಇಬ್ನುನ್ನದೀಮ್ ಹೆಸರಿಸಿದ ಗ್ರಂಥಗಳಲ್ಲಿ ಬಹುಪಾಲು ಇಂದು ಉಳಿದಿಲ್ಲ. ಅಂತಹ ಗ್ರಂಥವೊಂದಿತ್ತು, ಅದನ್ನು ಇಂಥವರು ಬರೆದಿದ್ದರು ಎಂದು ನಮಗೆ ತಿಳಿದಿರುವುದು ಎಷ್ಟೋ ಸಲ ಈ ಪಟ್ಟಿಯ ಒಂದೇ ಒಂದು ಸಾಲಿನಿಂದ. ಪುಸ್ತಕ ಹೋಯಿತು, ಹೆಸರು ಉಳಿಯಿತು.

ಶೀರ್ಷಿಕೆಗಳ ವಿಷಯದಲ್ಲೂ ನಮ್ಮ ವಿದ್ವಾಂಸರು ಬಹಳ ಎಚ್ಚರ ವಹಿಸಿದ್ದರು. ಇಮಾಮ್ ಬುಖಾರಿಯವರ (ನಿಧನ ಕ್ರಿ.ಶ. 870) ಪಾಂಡಿತ್ಯವನ್ನು ಅವರ ಅಧ್ಯಾಯಗಳ ಶೀರ್ಷಿಕೆಗಳಲ್ಲೇ ಕಾಣಬಹುದು ಎಂಬ ಮಾತು ಹದೀಸ್ ವಿದ್ಯಾರ್ಥಿಗಳಿಗೆ ಗೊತ್ತಿದೆ. ಒಂದು ಅಧ್ಯಾಯಕ್ಕೆ ಏನು ಹೆಸರಿಡುತ್ತೇವೆ, ಅದನ್ನು ಯಾವುದರ ನಂತರ ಇಡುತ್ತೇವೆ ಎಂಬುದೇ ಒಂದು ಅಭಿಪ್ರಾಯ. ಪರಿವಿಡಿ ಸಿದ್ಧಪಡಿಸುವವನು ತನಗರಿವಿಲ್ಲದೆಯೇ ಈ ಅಭಿಪ್ರಾಯವನ್ನು ನೀಡುತ್ತಿರುತ್ತಾನೆ.

ಪುಟ ಸಂಖ್ಯೆ ಎಂಬ ಹೊಸತು

ಇಂದು ಪರಿವಿಡಿ ಎಂದರೆ ಬಲಬದಿಯಲ್ಲಿ ಪುಟ ಸಂಖ್ಯೆ ಇರಲೇಬೇಕು. ಆದರೆ ಕೈಬರಹದ ಕಾಲದಲ್ಲಿ ಅದಕ್ಕೆ ಹೆಚ್ಚು ಅರ್ಥವಿರಲಿಲ್ಲ. ಒಬ್ಬನ ಬರವಣಿಗೆ ದೊಡ್ಡದು, ಇನ್ನೊಬ್ಬನದು ಚಿಕ್ಕದು. ಒಂದು ಪ್ರತಿಯ 40ನೇ ಪುಟದಲ್ಲಿದ್ದುದು ಇನ್ನೊಂದರಲ್ಲಿ 55ರಲ್ಲಿ ಬರಬಹುದು. ಆದುದರಿಂದ ಹಳೆಯ ಪಟ್ಟಿಗಳು ಅಧ್ಯಾಯವನ್ನು ಹೇಳುತ್ತಿದ್ದವು, ಪುಟವನ್ನಲ್ಲ. ಹಾಳೆಗಳು ಹಿಂದುಮುಂದಾಗದಿರಲೆಂದು ಅರಬೀ ಹಸ್ತಪ್ರತಿಗಳಲ್ಲಿ ಪುಟದ ಅಡಿಯಲ್ಲಿ ಮುಂದಿನ ಪುಟದ ಮೊದಲ ಪದವನ್ನು ಬರೆದಿಡುವ ಪದ್ಧತಿ ಇತ್ತು.

ಎಲ್ಲ ಪ್ರತಿಗಳೂ ಒಂದೇ ರೀತಿ ಇರುವಂತೆ ಮಾಡಿದ್ದು ಮುದ್ರಣ. 1470ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಆರ್ನಾಲ್ಡ್ ಥೆರ್ಹೂರ್ನೆನ್ ಎಂಬ ಮುದ್ರಕನು ಒಂದು ಧಾರ್ಮಿಕ ಪ್ರವಚನದ ಹಾಳೆಗಳಿಗೆ ಸಂಖ್ಯೆಗಳನ್ನು ಮುದ್ರಿಸಿದ. ಆಮೇಲಿನ ಶತಮಾನದಲ್ಲಿ ಪ್ರತಿ ಪುಟಕ್ಕೂ ಸಂಖ್ಯೆ ಹಾಕುವುದು ಕ್ರಮೇಣ ರೂಢಿಗೆ ಬಂತು. ಶೀರ್ಷಿಕೆಯ ಎದುರು ಪುಟ ಸಂಖ್ಯೆ ಎಂಬ ನಮ್ಮ ಪರಿವಿಡಿ ಹುಟ್ಟಿದ್ದು ಹೀಗೆ.

'ಮಖ್ಝನ್' ಮತ್ತು ಮ್ಯಾಗಝಿನ್

ಇನ್ನು ನಿಯತಕಾಲಿಕಗಳ ಕಡೆಗೆ ಬರೋಣ. 1665ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಹೆನ್ರಿ ಓಲ್ಡೆನ್‌ಬರ್ಗ್ ಆರಂಭಿಸಿದ 'ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್' ಎಂಬ ವಿಜ್ಞಾನ ಪತ್ರಿಕೆಯ ಮೊದಲ ಸಂಚಿಕೆ ಆರಂಭವಾಗುವುದೇ ಒಳಗೆ ಏನಿದೆ ಎಂಬ ಪಟ್ಟಿಯಿಂದ. 1711ರಲ್ಲಿ ಆರಂಭವಾದ 'ಸ್ಪೆಕ್ಟೇಟರ್' ಪತ್ರಿಕೆಗಾದರೋ ಇದರ ಅಗತ್ಯವೇ ಇರಲಿಲ್ಲ, ಏಕೆಂದರೆ ದಿನಕ್ಕೊಂದು ಸಂಚಿಕೆ, ಸಂಚಿಕೆಗೊಂದು ಪ್ರಬಂಧ. ಹಲವು ಕೈಗಳ ಹಲವು ಬಗೆಯ ಬರಹ ಒಂದೆಡೆ ಸೇರಿದಾಗ ಮಾತ್ರ ಪರಿವಿಡಿ ಬೇಕಾಗುತ್ತದೆ.

ಅಂತಹ ಸಂಗ್ರಹವನ್ನು 1731ರ ಜನವರಿಯಲ್ಲಿ ಲಂಡನ್ನಿನ ಎಡ್ವರ್ಡ್ ಕೇವ್ ಹೊರತಂದರು. ಹೆಸರು 'ದಿ ಜೆಂಟಲ್‌ಮನ್ಸ್ ಮ್ಯಾಗಝಿನ್'. ನಿಯತಕಾಲಿಕಕ್ಕೆ 'ಮ್ಯಾಗಝಿನ್' ಎಂಬ ಪದ ಬಳಕೆಗೆ ಬಂದದ್ದು ಇಲ್ಲಿಂದ. ಈ ಪದದ ಬೇರು ಅರಬೀ ಭಾಷೆಯ 'ಮಖ್ಝನ್', ಬಹುವಚನದಲ್ಲಿ 'ಮಖಾಝಿನ್', ಅಂದರೆ ಉಗ್ರಾಣ. ವ್ಯಾಪಾರಿಗಳ ಜೊತೆ ಇಟಲಿಗೆ, ಅಲ್ಲಿಂದ ಫ್ರಾನ್ಸಿಗೆ, ಕೊನೆಗೆ ಇಂಗ್ಲಿಷಿಗೆ ಅದು ಸೇರಿತು. ಕೇವ್‌ರ ಪತ್ರಿಕೆ ನಿಜಕ್ಕೂ ಉಗ್ರಾಣವೇ ಆಗಿತ್ತು. ಇತರ ಪತ್ರಿಕೆಗಳಿಂದ ಆಯ್ದ ಬರಹಗಳು, ಸುದ್ದಿಗಳು, ಕವಿತೆಗಳು ಅದರಲ್ಲಿ ತುಂಬಿರುತ್ತಿದ್ದವು. ಅದರ ಮೊದಲ ಪುಟದಲ್ಲಿ ಸೇಂಟ್ ಜಾನ್ಸ್ ಗೇಟ್ ಎಂಬ ಹಳೆಯ ಹೆಬ್ಬಾಗಿಲಿನ ಚಿತ್ರವೂ ಅದರ ಕೆಳಗೆ ಒಳಗಿರುವ ವಿಷಯಗಳ ಪಟ್ಟಿಯೂ ಇರುತ್ತಿತ್ತು. ಬಾಗಿಲಿಗೆ ಬಂದವನಿಗೆ ಒಳಗಿರುವ ಸರಕಿನ ಪಟ್ಟಿ ತೋರಿಸಿದಂತೆ.

170 ವರ್ಷಗಳ ನಂತರ ಈ ಪದ ತನ್ನ ಮೂಲ ರೂಪದಲ್ಲೇ ಪತ್ರಿಕಾಲೋಕಕ್ಕೆ ಮರಳಿ ಬಂತು. 1901ರ ಏಪ್ರಿಲ್‌ನಲ್ಲಿ ಸರ್ ಅಬ್ದುಲ್ ಕಾದಿರ್ ಲಾಹೋರಿನಿಂದ 'ಮಖ್ಝನ್' ಎಂಬ ಉರ್ದು ಮಾಸಪತ್ರಿಕೆಯನ್ನು ಆರಂಭಿಸಿದರು. ಅದರ ಮೊದಲ ಸಂಚಿಕೆಯಲ್ಲಿ ಯುವಕವಿ ಇಕ್ಬಾಲರ 'ಹಿಮಾಲ' ಕವಿತೆ ಪ್ರಕಟವಾಯಿತು. ಅದಕ್ಕೂ ಮೊದಲು, 1870ರ ಡಿಸೆಂಬರ್‌ನಲ್ಲಿ, ಸರ್ ಸೈಯದ್ ಅಹ್ಮದ್ ಖಾನ್ 'ತಹಝೀಬುಲ್ ಅಖ್ಲಾಕ್' ಆರಂಭಿಸಿದ್ದರು. ಇಂಗ್ಲೆಂಡಿನಲ್ಲಿ ಅವರು ಕಂಡ 'ಟ್ಯಾಟ್ಲರ್' ಮತ್ತು 'ಸ್ಪೆಕ್ಟೇಟರ್'ಗಳ ಮಾದರಿ ಅವರ ಮನಸ್ಸಿನಲ್ಲಿತ್ತು. 1912ರಲ್ಲಿ ಕಲ್ಕತ್ತದಿಂದ ಹೊರಟ ಮೌಲಾನಾ ಆಝಾದರ 'ಅಲ್ ಹಿಲಾಲ್' ಅಚ್ಚುಮೊಳೆಗಳಲ್ಲಿ, ಚಿತ್ರಗಳ ಸಹಿತ ಮುದ್ರಣಗೊಂಡು ಹೊಸ ರೂಪವನ್ನು ತೋರಿಸಿತು. ಬಹುತೇಕ ಉರ್ದು ಪತ್ರಿಕೆಗಳು ಮಾತ್ರ ಕಾತಿಬರ ಕೈಬರಹದಿಂದ ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿದ್ದವು. ಕಾತಿಬನು ಬರೆದು ಮುಗಿಸಿದ ಮೇಲಷ್ಟೇ ಯಾವ ಲೇಖನ ಯಾವ ಪುಟಕ್ಕೆ ಬಿತ್ತು ಎಂಬುದು ಖಚಿತವಾಗುತ್ತಿತ್ತು. ಎಲ್ಲಕ್ಕಿಂತ ಮೊದಲು ಕಾಣುವ ಪುಟ ಎಲ್ಲಕ್ಕಿಂತ ಕೊನೆಗೆ ಸಿದ್ಧವಾಗುವ ಪುಟ. ಕಂಪ್ಯೂಟರ್ ಬಂದ ನಂತರವೂ ಈ ಮಾತು ಬದಲಾಗಿಲ್ಲ.

ಮುಖಪುಟದಲ್ಲೇ ಪರಿವಿಡಿ, ಪರಿವಿಡಿಯೇ ಇಲ್ಲದ ಪತ್ರಿಕೆ

ಇಪ್ಪತ್ತನೇ ಶತಮಾನದ ಅಮೆರಿಕದ ಎರಡು ಪತ್ರಿಕೆಗಳು ಎರಡು ತುದಿಗಳನ್ನು ತೋರಿಸುತ್ತವೆ. 1922ರ ಫೆಬ್ರವರಿಯಲ್ಲಿ ಡೆವಿಟ್ ವಾಲೇಸ್ ಮತ್ತು ಲೈಲಾ ವಾಲೇಸ್ ದಂಪತಿ ಆರಂಭಿಸಿದ 'ರೀಡರ್ಸ್ ಡೈಜೆಸ್ಟ್' ತಿಂಗಳ ದಿನಕ್ಕೊಂದರಂತೆ 31 ಲೇಖನಗಳನ್ನು ನೀಡಿತು. ಹಲವು ದಶಕಗಳ ಕಾಲ ಅದರ ಪರಿವಿಡಿ ಮುಖಪುಟದ ಮೇಲೆಯೇ ಅಚ್ಚಾಗುತ್ತಿತ್ತು. ಅಂಗಡಿಯಲ್ಲಿ ನಿಂತವನು ಪುಟ ತಿರುವದೆಯೇ ಒಳಗಿರುವುದನ್ನು ತಿಳಿಯಬಹುದಿತ್ತು. 1998ರಲ್ಲಿ ಅದು ಪರಿವಿಡಿಯನ್ನು ಒಳಗೆ ಸರಿಸಿ, ಮುಖಪುಟವನ್ನು ಚಿತ್ರಕ್ಕೆ ಬಿಟ್ಟುಕೊಟ್ಟಿತು. ಇದೇ ಡೈಜೆಸ್ಟ್ ಮಾದರಿಯ ಓದನ್ನು ಕನ್ನಡಿಗರಿಗೆ ಪರಿಚಯಿಸಿದ್ದು 1956ರಲ್ಲಿ ಹುಬ್ಬಳ್ಳಿಯಿಂದ ಹೊರಡತೊಡಗಿದ 'ಕಸ್ತೂರಿ'.

ಇನ್ನೊಂದು ತುದಿಯಲ್ಲಿ 1925ರಲ್ಲಿ ಆರಂಭವಾದ 'ದಿ ನ್ಯೂಯಾರ್ಕರ್'. ನಲವತ್ತಕ್ಕೂ ಹೆಚ್ಚು ವರ್ಷ ಅದರಲ್ಲಿ ಪರಿವಿಡಿಯೇ ಇರಲಿಲ್ಲ. ಲೇಖಕರ ಹೆಸರೂ ಲೇಖನದ ಕೊನೆಯಲ್ಲಿ ಬರುತ್ತಿತ್ತು. ಯಾರು ಬರೆದಿದ್ದಾರೆ ಎಂದು ತಿಳಿಯಬೇಕಾದರೆ ಕೊನೆಯವರೆಗೆ ತಿರುವಬೇಕು. 1969ರಲ್ಲಷ್ಟೇ ಅದು ಪರಿವಿಡಿಯನ್ನು ಅಳವಡಿಸಿಕೊಂಡಿತು.

ಪರಿವಿಡಿಗಳನ್ನೇ ಒಟ್ಟುಗೂಡಿಸಿ ಪತ್ರಿಕೆ ಮಾಡಿದವರೂ ಇದ್ದಾರೆ. 1950ರ ದಶಕದಲ್ಲಿ ಅಮೆರಿಕದ ಯೂಜಿನ್ ಗಾರ್ಫೀಲ್ಡ್ ವಿಜ್ಞಾನ ಪತ್ರಿಕೆಗಳ ಪರಿವಿಡಿ ಪುಟಗಳನ್ನು ಮಾತ್ರ ಮರುಮುದ್ರಿಸುವ 'ಕರೆಂಟ್ ಕಂಟೆಂಟ್ಸ್' ಆರಂಭಿಸಿದರು. ನೂರಾರು ಪತ್ರಿಕೆಗಳನ್ನು ಕೊಳ್ಳಲಾಗದ ಸಂಶೋಧಕರಿಗೆ ಅದೊಂದು ಕಿಟಕಿ. ತಮಗೆ ಬೇಕಾದ ಲೇಖನ ಎಲ್ಲಿದೆಯೆಂದು ಅದರಿಂದ ತಿಳಿದು, ಲೇಖಕರಿಗೆ ಪತ್ರ ಬರೆದು ಪ್ರತಿ ತರಿಸಿಕೊಳ್ಳಬಹುದಿತ್ತು.

ಪುಟದ ಅಲಿಖಿತ ನಿಯಮಗಳು

ಹೀಗೆ ಬೆಳೆದುಬಂದ ಪುಟಕ್ಕೆ ಕೆಲವು ಅಲಿಖಿತ ನಿಯಮಗಳಿವೆ. ಶೀರ್ಷಿಕೆಯಿಂದ ಪುಟ ಸಂಖ್ಯೆಯವರೆಗೆ ಹಾಕುವ ಚುಕ್ಕಿಗಳ ಸಾಲು ಅಲಂಕಾರಕ್ಕಾಗಿ ಇಲ್ಲ. ಅಗಲವಾದ ಪುಟದಲ್ಲಿ ಕಣ್ಣು ಒಂದು ಸಾಲಿನಿಂದ ಇನ್ನೊಂದಕ್ಕೆ ಜಾರದಂತೆ ಅದು ಕೈಹಿಡಿದು ನಡೆಸುತ್ತದೆ. ಸಂಖ್ಯೆಯನ್ನು ಶೀರ್ಷಿಕೆಯ ಪಕ್ಕಕ್ಕೇ ತಂದರೆ ಚುಕ್ಕಿಗಳು ಬೇಡ. ಇತ್ತೀಚಿನ ವಿನ್ಯಾಸಕಾರರು ಸಂಖ್ಯೆಯನ್ನು ಎಡಬದಿಯಲ್ಲಿ ದಪ್ಪಕ್ಷರದಲ್ಲಿ ಇಡುವುದು ಇದಕ್ಕಾಗಿಯೇ. ವಾರಪತ್ರಿಕೆಗಳಲ್ಲಿ ಪ್ರತಿ ಸಲವೂ ಬರುವ ಅಂಕಣಗಳನ್ನು ಒಂದು ಗುಂಪಾಗಿಯೂ ಆ ವಾರದ ವಿಶೇಷ ಲೇಖನಗಳನ್ನು ಇನ್ನೊಂದು ಗುಂಪಾಗಿಯೂ ಕೊಡುವುದು ರೂಢಿ. ಆಯ್ದ ಲೇಖನದ ಚಿತ್ರವನ್ನು ಪುಟ ಸಂಖ್ಯೆಯೊಂದಿಗೆ ದೊಡ್ಡದಾಗಿ ಹಾಕುವುದೂ ಉಂಟು.

ಪರಿವಿಡಿಯ ಬಳಿಯಲ್ಲೇ ಸಾಮಾನ್ಯವಾಗಿ ಮುದ್ರಕರ, ಪ್ರಕಾಶಕರ ವಿವರಗಳ ಚೌಕ ಇರುತ್ತದೆ. ಮುದ್ರಕರ ಹೆಸರು, ಮುದ್ರಿಸಿದ ಸ್ಥಳ ಅಚ್ಚಾಗಿರಲೇಬೇಕೆಂದು ಬ್ರಿಟಿಷರು 1867ರ ಕಾಯ್ದೆಯಲ್ಲಿ ವಿಧಿಸಿದ್ದರು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾಯ್ದೆಯು 2024ರ ಮಾರ್ಚ್‌ನಿಂದ ಅದರ ಸ್ಥಾನಕ್ಕೆ ಬಂದಿದೆ.

ನಮ್ಮ ಕೆಲವು ಸಂಚಿಕೆಗಳಲ್ಲಿ ಇನ್ನೊಂದು ವಿಶೇಷವಿದೆ. ಕನ್ನಡ ವಿಭಾಗ ಎಡದಿಂದ, ಉರ್ದು ವಿಭಾಗ ಬಲದಿಂದ ಆರಂಭವಾಗುತ್ತದೆ. ಕನ್ನಡದ ಪರಿವಿಡಿಯಲ್ಲಿ ಸಂಖ್ಯೆ ಬಲಕ್ಕೆ, ಉರ್ದುವಿನಲ್ಲಿ ಎಡಕ್ಕೆ. ಒಂದು ಪುಸ್ತಕಕ್ಕೆ ಎರಡು ಬಾಗಿಲು, ಎರಡು ಪಟ್ಟಿ. ಎರಡೂ ಭಾಷೆಗಳು ನಡುಪುಟದಲ್ಲಿ ಬಂದು ಸೇರುತ್ತವೆ.

ಹೆಸರಿದ್ದವರು, ಹೆಸರಿಲ್ಲದವರು

ಹಳೆಯ ಪರಿವಿಡಿಗಳನ್ನು ನೋಡುವಾಗ ಯಾರಿದ್ದಾರೆ ಎಂಬುದರ ಜೊತೆಗೆ ಯಾರು ಹೇಗೆ ಇದ್ದಾರೆ ಎಂಬುದನ್ನೂ ಗಮನಿಸಬೇಕು. 1898ರಲ್ಲಿ ಲಾಹೋರಿನಿಂದ ಮಹಿಳೆಯರಿಗಾಗಿ 'ತಹಝೀಬೆ ನಿಸ್ವಾನ್' ಪತ್ರಿಕೆ ಆರಂಭವಾಯಿತು. ಸಂಪಾದಕಿ ಮುಹಮ್ಮದೀ ಬೇಗಂ. ಆ ಕಾಲದ ಮಹಿಳಾ ಪತ್ರಿಕೆಗಳಿಗೆ ಬರೆಯುತ್ತಿದ್ದ ಅನೇಕ ಸ್ತ್ರೀಯರು ತಮ್ಮ ಹೆಸರನ್ನು ಹೇಳಿಕೊಳ್ಳದೆ, ಇಂತಹವರ ತಾಯಿ, ಇಂತಹವರ ಪತ್ನಿ ಎಂದೇ ಗುರುತಿಸಿಕೊಳ್ಳುತ್ತಿದ್ದರು. ಅಲಿಗಢ ಪ್ರದೇಶದ ಕವಯಿತ್ರಿ ಝಾಹಿದಾ ಖಾತೂನ್ ಶೇರ್ವಾನಿ (1894-1922) ಪತ್ರಿಕೆಗಳಲ್ಲಿ 'ಝೇ ಖೇ ಶೀನ್' ಎಂಬ ಮೂರು ಅಕ್ಷರಗಳಾಗಿ ಕಾಣಿಸಿಕೊಂಡರು. ಕವಿತೆಗಳನ್ನು ಮೆಚ್ಚಿದ ಓದುಗರಿಗೆ ಕವಿ ಯಾರೆಂಬುದು ಗೊತ್ತಿರಲಿಲ್ಲ. 28ರ ಆಸುಪಾಸಿನಲ್ಲೇ ಅವರು ತೀರಿಕೊಂಡರು.

ಆ ಮೂರು ಅಕ್ಷರಗಳಿಂದ ಪೂರ್ಣ ಹೆಸರಿನವರೆಗಿನ ದಾರಿ ಚಿಕ್ಕದಲ್ಲ. ಕನ್ನಡದಲ್ಲಿ ಸಾರಾ ಅಬೂಬಕ್ಕರ್ (1936-2023) ಅವರ 'ಚಂದ್ರಗಿರಿಯ ತೀರದಲ್ಲಿ' 1981ರಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದಾಗ ಅವರ ಸ್ವಂತ ಹೆಸರೇ ಅದರ ಮೇಲಿತ್ತು. ಕನ್ನಡ ಪತ್ರಿಕೆಗಳಲ್ಲಿ ಬರೆಯುತ್ತ ಬೆಳೆದ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಇಂತಹ ಪ್ರತಿಯೊಬ್ಬರ ಹಾದಿಯ ಆರಂಭದಲ್ಲಿ ಯಾವುದೋ ಪತ್ರಿಕೆಯಲ್ಲಿ ಅಚ್ಚಾದ ಹೆಸರಿನ ಒಂದು ಸಾಲು ಇರುತ್ತದೆ.

ನಮ್ಮ ಸಂಚಿಕೆಗಳ ಪಾಲಿಗೆ

ನಮ್ಮಂತಹ ಸಂಘಗಳ ಚರಿತ್ರೆಯನ್ನು ಹೊರಗಿನವರು ಬರೆಯುವುದಿಲ್ಲ. ಮುಂದೊಂದು ದಿನ ಯಾರಾದರೂ ಬರೆಯಲು ಕುಳಿತರೆ ಅವರ ಮುಂದಿರುವುದು ಈ ವಾರ್ಷಿಕ ಸಂಚಿಕೆಗಳು. ಅವರು ಮೊದಲು ತೆರೆಯುವುದು ಪರಿವಿಡಿಯನ್ನೇ. ಅಲ್ಲಿಲ್ಲದ ಲೇಖನ ಅವರ ಪಾಲಿಗೆ ಬರೆಯದ ಲೇಖನ. ಆದುದರಿಂದ ಸಂಪಾದಕ ಮಂಡಳಿಯಲ್ಲಿ ದುಡಿಯುವ ಯುವಕ ಯುವತಿಯರಲ್ಲಿ ಕೆಲವು ವಿನಂತಿಗಳಿವೆ.

ಮೊದಲನೆಯದಾಗಿ, ಕೊನೆಯ ಜಾಹೀರಾತು ಬಂದು ಪುಟಗಳು ನಿಂತ ಮೇಲೆಯೇ ಪರಿವಿಡಿಯನ್ನು ಅಂತಿಮಗೊಳಿಸಿ. ಎರಡನೆಯದಾಗಿ, ಪಟ್ಟಿಯನ್ನು ಹಿಡಿದು ಪುಟ ನೋಡುವುದು ಸಾಲದು, ಒಂದೊಂದೇ ಪುಟ ತಿರುವುತ್ತ ಅದು ಪಟ್ಟಿಯಲ್ಲಿ ಇದೆಯೇ ಎಂದು ನೋಡಿ. ತಪ್ಪು ಸಂಖ್ಯೆ ಮೊದಲ ಕ್ರಮದಲ್ಲಿ ಸಿಗುತ್ತದೆ, ಬಿಟ್ಟುಹೋದ ಸಾಲು ಎರಡನೆಯದರಲ್ಲಿ ಮಾತ್ರ ಸಿಗುತ್ತದೆ. ನಾನು ಮಾಡದೆ ಉಳಿದದ್ದು ಇದನ್ನೇ. ಮೂರನೆಯದಾಗಿ, ಜಾಹೀರಾತಿನ ಪುಟಗಳನ್ನೂ ಎಣಿಕೆಗೆ ಸೇರಿಸಿ. ನಾಲ್ಕನೆಯದಾಗಿ, ಲೇಖಕರ ಹೆಸರನ್ನು ಅವರು ಬರೆದುಕೊಟ್ಟಂತೆ ಪೂರ್ತಿಯಾಗಿ ಹಾಕಿ. ಗಣ್ಯರ ಹೆಸರಿಗೆ ಪದವಿಗಳ ಸಾಲು, ವಿದ್ಯಾರ್ಥಿಗಳ ಹೆಸರಿಗೆ ತರಗತಿ ಮಾತ್ರ ಎಂಬ ಭೇದ ಬೇಡ. ಐದನೆಯದಾಗಿ, ಸಂಚಿಕೆಯ ವರ್ಷವನ್ನು ಆ ಪುಟದಲ್ಲೇ ನಮೂದಿಸಿ. ಮುಖಪುಟ ಹರಿದುಹೋದ ಪ್ರತಿಗಳೇ ಗ್ರಂಥಾಲಯಗಳಲ್ಲಿ ಹೆಚ್ಚು.

ಆ ಘಟನೆಯ ಮರುವಾರ ನಾನು ಆ ವಿದ್ಯಾರ್ಥಿನಿಯ ಮನೆಗೆ ಹೋದೆ. ಸಂಚಿಕೆಯನ್ನು ತೆರೆದು ಆಕೆಯ ಲೇಖನವಿದ್ದ ಪುಟವನ್ನು ತೋರಿಸಿ, ತಪ್ಪು ನನ್ನದೆಂದು ಹೇಳಿದೆ. ತಂದೆ ಕೋಪಿಸಿಕೊಳ್ಳಲಿಲ್ಲ. ಒಳಗಿನಿಂದ ಪೆನ್ನು ತರಿಸಿದರು. 'ಆ ಪಟ್ಟಿಯಲ್ಲಿ ನೀವೇ ಬರೆದುಕೊಡಿ' ಎಂದರು. ಪರಿವಿಡಿಯ ಕೊನೆಯ ಸಾಲಿನ ಕೆಳಗೆ ಲೇಖನದ ಶೀರ್ಷಿಕೆ, ಆಕೆಯ ಹೆಸರು, ಚುಕ್ಕಿಗಳ ಸಾಲು, ಪುಟ ಸಂಖ್ಯೆ ಎಲ್ಲವನ್ನೂ ಬರೆದೆ. ಅವರು ಅದರ ಮೇಲೆ ಬೆರಳಿಟ್ಟು ಮೆಲ್ಲಗೆ ಓದಿದರು.

ಆ ಒಂದು ಪ್ರತಿ ಸರಿಯಾಯಿತು. ಉಳಿದ ಪ್ರತಿಗಳಲ್ಲಿ ಆ ಸಾಲು ಇಂದಿಗೂ ಇಲ್ಲ.